ಸಿಂಧೂರ ಹಚ್ಚಿದ ಹಲ್ಲು

ಒಂದು ಲಾರಿಯ ಆಕ್ಸಲ್ಲಿನಿಂದ ಏಳು ಹಲ್ಲಿನ ಪಿನಿಯನ್ ಗೇರು ತೆಗೆದು ಆರು ಹಲ್ಲಿನದನ್ನು ಕೂರಿಸುವುದು. ಕೇಳುವುದಕ್ಕೆ ಇಷ್ಟೇ ಕೆಲಸ. ಆ ಒಂದು ಹಲ್ಲಿನ ವ್ಯತ್ಯಾಸಕ್ಕೆ ನಮ್ಮ ಮನೆಯಲ್ಲಿ ಏನೇನು ಆಗಿಹೋಯಿತು ಎಂಬುದನ್ನು ನಾನು ಇದುವರೆಗೆ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ನನ್ನ ಹೆಂಡತಿಗೂ ಅರ್ಧ ಮಾತ್ರ ಗೊತ್ತು.

ವಿಜಯವಾಡದ ಆಟೋನಗರದಲ್ಲಿ ನಮ್ಮದು ಲಾರಿಗಳ ಗೇರ್ ಮತ್ತು ಆಕ್ಸಲ್ ಕೆಲಸದ ಷೆಡ್ಡು. ನಮ್ಮದು ಅಂದೆ, ನಿಜವಾಗಿ ಅದು ಮಾವನದು, ನನ್ನ ಹೆಂಡತಿಯ ತಂದೆಯದು. ನಾನು ಸಿರುಗುಪ್ಪ ಕಡೆಯವನು. ಅವರ ಕೈಕೆಳಗೆ ಕೆಲಸಕ್ಕೆ ಸೇರಿ, ಹತ್ತು ವರ್ಷ ಗ್ರೀಸ್ ಮೆತ್ತಿಕೊಂಡು, ಆಮೇಲೆ ಅಳಿಯನಾದೆ. ಮಾವನ ತಾಯಿ ಬಳ್ಳಾರಿಯವರು, ತಂದೆ ಇಲ್ಲಿಯವರೇ. ಹಾಗಾಗಿ ಪಟಮಟದ ಮನೆಯಲ್ಲಿ ಕನ್ನಡ, ಷೆಡ್ಡಿನಲ್ಲಿ ತೆಲುಗು. ನನ್ನ ಜೊತೆ ಮಾತ್ರ ಎರಡೂ ಕಡೆ ಕನ್ನಡ. ಮನೆಯಲ್ಲಿ ನಾನು ಅಳಿಯ: "ಬರ್ರಿ, ಕುಂದರ್ರಿ." ಷೆಡ್ಡಿನೊಳಗೆ ಕಾಲಿಟ್ಟೆನೋ ಇಲ್ಲವೋ: "ಏನಲೇ, ಸ್ಪಾನರ್ ಎಲ್ಲಿಟ್ಟಿ?" ನನಗೆ ಎರಡನೆಯದೇ ಹಿತವಾಗಿತ್ತು.

ಆ ಲಾರಿಯ ಡ್ರೈವರ್ ವಿಜಯವಾಡದ ಒನ್ ಟೌನ್ ಕಡೆಯವನು. ಟ್ರೇಲರ್ ಎಳೆಯುವ ಹತ್ತು ಚಕ್ರದ ಗಾಡಿ ಅವನ ಸ್ವಂತದ್ದು, ಓಡಿಸುವವನೂ ಅವನೇ. ವಿಶಾಖಪಟ್ಟಣದ ಬಂದರಿನ ಹತ್ತಿರದ ಯಾರ್ಡಿನಿಂದ ಒಂದು ದೊಡ್ಡ ಟ್ರಾನ್ಸ್‌ಫಾರ್ಮರನ್ನು ಅನಂತಗಿರಿ ಘಾಟಿ ಹತ್ತಿಸಿ ಮೇಲಿನ ಸಬ್‌ಸ್ಟೇಷನ್ನಿಗೆ ಮುಟ್ಟಿಸಬೇಕಿತ್ತು. ಹಿಂದಿನ ವರ್ಷ ಅದೇ ಘಾಟಿಯಲ್ಲಿ, ಇದಕ್ಕಿಂತ ಹಗುರವಾದ ಲೋಡಿನಲ್ಲಿ, ಒಂದು ತಿರುವಿನಲ್ಲಿ ಇಂಜಿನ್ ಸೋತು ಕ್ಲಚ್ ಸುಟ್ಟಿತ್ತು. ಗಾಡಿ ಎರಡು ಮಾರು ಹಿಂದಕ್ಕೆ ಜಾರಿತ್ತು. ಇಂಥ ಲೋಡು ಘಾಟಿ ಹತ್ತುವಾಗ ಹಿಂದಿನ ಚಕ್ರಕ್ಕೆ ಅಡ್ಡ ಕೊಡಲು ಮರದ ದಿಮ್ಮಿ ಹಿಡಿದು ಜನ ನಡೆದುಬರುತ್ತಾರೆ. ಆವತ್ತು ದಿಮ್ಮಿ ಹಿಡಿದಿದ್ದವನು ಡ್ರೈವರನ ಅಕ್ಕನ ಗಂಡ. ಅವನ ಬಲಗಾಲಿನ ಪಾದ ಹೋಯಿತು.

"ಈ ಸಲ ದಿಮ್ಮಿ ಹಿಡಿಯೋನು ನನ್ನ ತಮ್ಮ, ಮೇಸ್ತ್ರಿಗಾರು," ಎಂದ ಅವನು ಮಾವನಿಗೆ, ತೆಲುಗಿನಲ್ಲಿ. "ಗಾಡಿ ನಿಂತರೂ ಪರವಾಗಿಲ್ಲ, ಜಾರಬಾರದು. ನೀವೇ ಕೈ ಹಾಕಬೇಕು, ಇನ್ನೊಬ್ಬರಲ್ಲ."

ಇನ್ನೊಬ್ಬ ಅಂದರೆ ನಾನು. ಪಕ್ಕದಲ್ಲೇ ನಿಂತಿದ್ದೆ.

ಆ ಗಾಡಿಯ ಆಕ್ಸಲ್‌ನಲ್ಲಿ ಇದ್ದದ್ದು ಏಳು ಹಲ್ಲಿನ ಪಿನಿಯನ್ ಎಂಬ ಚಿಕ್ಕ ಗೇರು, ಅದು ತಿರುಗಿಸುವ ನಲವತ್ತೊಂದು ಹಲ್ಲಿನ ದೊಡ್ಡ ಕ್ರೌನ್ ಚಕ್ರ. ಇಂಜಿನ್‌ನಿಂದ ಬರುವ ಶಾಫ್ಟು ಹತ್ತಿರ ಹತ್ತಿರ ಆರು ಸುತ್ತು ತಿರುಗಿದರೆ ಲಾರಿಯ ಚಕ್ರ ಒಂದು ಸುತ್ತು. ಹೆದ್ದಾರಿಗೆ ಹೇಳಿ ಮಾಡಿಸಿದ ಲೆಕ್ಕ. ಪಿನಿಯನ್ನಿಗೆ ಆರೇ ಹಲ್ಲಾದರೆ ಶಾಫ್ಟು ಸುಮಾರು ಏಳು ಸುತ್ತು ತಿರುಗಬೇಕು. ಓಟ ಕಡಿಮೆಯಾಗುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಎಳೆಯುವ ತಾಕತ್ತು ಮಾತ್ರ ಆರರಲ್ಲಿ ಒಂದು ಪಾಲು ಹೆಚ್ಚುತ್ತದೆ. ಇಂಥ ಗಾಡಿಗೆ ಹಿಂದೆ ಎರಡು ಆಕ್ಸಲ್, ಎರಡೂ ಎಳೆಯುವಂಥವು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಒಂದಕ್ಕೊಂದು ಕಾದಾಡಿ ಸಾಯುತ್ತವೆ. ಎರಡನ್ನೂ ಬಿಚ್ಚಬೇಕು.

ಮುಂದಿನ ಆಕ್ಸಲ್ ತೊಡಕಿನದು, ಅದರೊಳಗೆ ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಗೇರುಗಳೂ ಇರುತ್ತವೆ. ಅದನ್ನು ಮಾವ ತೆಗೆದುಕೊಂಡರು. ಹಿಂದಿನದು ನನಗೆ.

ಇಲ್ಲಿ ನಾನು ಒಂದು ವಿಷಯ ಹೇಳಲೇಬೇಕು. ಮಾವನಿಗೆ ಕಣ್ಣು ಹೋಗುತ್ತಿತ್ತು. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಯನ್ನು ತಿಂದುಹಾಕಿತ್ತು. ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಮಗಳಿಗೆ ಗೊತ್ತು, ಮಗಳಿಂದ ನನಗೆ ಗೊತ್ತು. ನಮಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಷೆಡ್ಡಿನಲ್ಲಿ ಪ್ರತಿ ಸ್ಪಾನರಿಗೂ ಒಂದು ಜಾಗ ಮಾಡಿಟ್ಟಿದ್ದರು, ಯಾರಾದರೂ ಅದಲುಬದಲು ಮಾಡಿದರೆ ಕೆಂಡವಾಗುತ್ತಿದ್ದರು. ಪೇಪರು ಕೊಟ್ಟರೆ "ಕನ್ನಡಕ ಮನ್ಯಾಗ ಐತಿ, ನೀನೇ ಓದಲೇ" ಎನ್ನುತ್ತಿದ್ದರು. ಅವರಿಗೆ ಕನ್ನಡಕವೇ ಇರಲಿಲ್ಲ.

ಕೆಲಸ ಶುರುವಾಯಿತು. ಎಣ್ಣೆ ಇಳಿಸಿ, ಶಾಫ್ಟುಗಳನ್ನು ಎಳೆದು, ಭಾರ ಎತ್ತಿಳಿಸುವ ಚೈನ್ ಬ್ಲಾಕಿನಿಂದ ಎರಡೂ ಆಕ್ಸಲ್‌ಗಳ ಹೊಟ್ಟೆಯೊಳಗಿನ ಗೇರುಗಳನ್ನು ಇಳಿಸಿ ಸ್ಟ್ಯಾಂಡಿಗೆ ಹಾಕಿದೆವು. ಹೊಸ ಕ್ರೌನ್ ಚಕ್ರವನ್ನು ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಹಿಗ್ಗಿಸಿ ಕೂರಿಸಿದೆವು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಹುಟ್ಟುತ್ತವೆ, ಎರಡರ ಮೇಲೂ ಒಂದೇ ನಂಬರು ಹೊಡೆದಿರುತ್ತಾರೆ. ಆ ನಂಬರನ್ನು ಮಾವನ ಪರವಾಗಿ ನಾನೇ ಓದಿ ಹೇಳಿದೆ.

ಇನ್ನು ಉಳಿಯುವುದು ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದು. ಅದನ್ನು ತೀರ್ಮಾನಿಸುವುದು ಶಿಮ್ಮು, ಕೂದಲೆಳೆಯಷ್ಟು ತೆಳ್ಳಗಿನ ಉಕ್ಕಿನ ಬಳೆಗಳು. ಒಂದು ಹೆಚ್ಚಾದರೆ ಹಲ್ಲು ಹಲ್ಲಿನ ತುದಿಗೆ ತಾಗುತ್ತದೆ, ಒಂದು ಕಡಿಮೆಯಾದರೆ ಬುಡಕ್ಕೆ. ಎರಡರಲ್ಲಿ ಯಾವುದಾದರೂ ಭಾರಿ ಲೋಡಿನಲ್ಲಿ ಮೊದಲು ಊಳಿಡುತ್ತದೆ, ಆಮೇಲೆ ಮುರಿಯುತ್ತದೆ. ಘಾಟಿಯಲ್ಲಿ ಮುರಿದರೆ ಗಾಡಿಗೂ ಇಂಜಿನ್ನಿಗೂ ಸಂಬಂಧವೇ ಇರುವುದಿಲ್ಲ. ಆಗ ಉಳಿಯುವುದು ಬ್ರೇಕು ಮತ್ತು ದಿಮ್ಮಿ ಹಿಡಿದವನು.

ತಾಗುವ ಜಾಗ ನೋಡಲು ನಾನು ಡಬ್ಬಿಯಲ್ಲಿ ಬರುವ ನೀಲಿ ಪೇಸ್ಟ್ ಹಚ್ಚುತ್ತೇನೆ. ಮಾವನದು ಸಿಂಧೂರ. ಆಂಜನೇಯನ ಗುಡಿಯ ಮುಂದೆ ಮಾರುವ ಸಿಂಧೂರವನ್ನು ಹರಳೆಣ್ಣೆಯಲ್ಲಿ ಕಲಸಿ ಹಲ್ಲುಗಳಿಗೆ ಬಳಿಯುವುದು. ಆಮೇಲೆ ಒಬ್ಬರು ಜಾಲಿಯ ಗಳು, ಎಂದರೆ ಉದ್ದನೆಯ ಗಟ್ಟಿ ಕೋಲು, ಕೊಟ್ಟು ಕ್ರೌನ್ ಚಕ್ರವನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಪಿನಿಯನ್ ತಿರುಗಿಸಬೇಕು. ಹಾಗೆ ಭಾರ ಕೊಟ್ಟು ತಿರುಗಿಸಿದರೇ ಲೋಡಿನಲ್ಲಿ ಹಲ್ಲು ಎಲ್ಲಿ ತಾಗುತ್ತದೆಂದು ತಿಳಿಯುವುದು ಎಂದು ಅವರ ಹಟ. ಅವರ ಆಕ್ಸಲ್‌ಗೆ ನಾನು ಗಳು ಒತ್ತಿದೆ. ಅವರು ತಿರುಗಿಸಿ, ನಿಲ್ಲಿಸಿ, ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು. ಒರೆಸಿ ನೋಡುವ ನಾಟಕ ಮಾಡುತ್ತಿದ್ದಾರೆ ಎಂದುಕೊಂಡೆ. ಮೂರು ಸಲ ಶಿಮ್ಮು ಬದಲಿಸಿ, ಕೊನೆಗೆ "ಸರಿ ಐತಿ" ಎಂದರು. ನಾನೂ ಬಗ್ಗಿ ನೋಡಬಹುದಿತ್ತು. ಮೇಸ್ತ್ರಿ ಸರಿ ಎಂದ ಮೇಲೆ ಇನ್ನೊಬ್ಬ ಬಗ್ಗಿ ನೋಡುವುದು ನಮ್ಮ ಷೆಡ್ಡಿನಲ್ಲಿ ಮುಖಕ್ಕೆ ಉಗುಳಿದ ಹಾಗೆ. ನೋಡಲಿಲ್ಲ.

ನನ್ನ ಸರದಿ ಬಂತು. ನಾನು ಲೆಕ್ಕದ ಮನುಷ್ಯ. ಪಿನಿಯನ್ ತಲೆಯ ಮೇಲೆ ಕೊರೆದಿರುವ ಆಳದ ಅಂಕಿಯನ್ನು ಹಳೆಯದಕ್ಕೆ ಹೋಲಿಸಿ, ಹಳೆಯ ಶಿಮ್ಮಿನಿಂದ ಎಷ್ಟು ಕಳೆಯಬೇಕೋ ಕಳೆದೆ.

"ಗಳು ನಾ ಒತ್ತಲೇನಲೇ?" ಎಂದರು ಮಾವ.

"ಬ್ಯಾಡ ಬಿಡ್ರಿ ಮಾವ, ಲೆಕ್ಕ ಕೂಡೈತಿ."

ಕಣ್ಣು ಕಾಣದವರ ಬೆರಳು ಹಲ್ಲಿನ ನಡುವೆ ಸಿಕ್ಕೀತು ಎಂಬ ಭಯ ಒಂದು. ಇವರ ಕಾಲದ ಗಳು ನನಗೇಕೆ ಎಂಬ ಕೊಬ್ಬು ಇನ್ನೊಂದು. ಭಾರ ಕೊಡದೆ ತಿರುಗಿಸಿದೆ. ನೀಲಿ ಗುರುತು ತೆಳ್ಳಗೆ, ನಡುವಿನಲ್ಲೇ ಇದ್ದ ಹಾಗೆ ಕಂಡಿತು. ಮುಚ್ಚಿದೆ. ಮುಚ್ಚಿದ ಎರಡೂ ಆಕ್ಸಲ್ಲುಗಳ ಮೇಲೆ ಮಾವ, ಯಾವಾಗಲೂ ಇಡುವಂತೆ, ಒಂದೊಂದು ಸಿಂಧೂರದ ಬೊಟ್ಟು ಇಟ್ಟರು.

ಗೇರ್ ಕಟ್ಟಿದ ಮೇಸ್ತ್ರಿ ಮೊದಲ ಲೋಡಿನ ಮೊದಲ ಏರಿಗೆ ಕ್ಯಾಬಿನ್ನಿನಲ್ಲಿ ಕೂರಬೇಕೆಂಬುದು ಮಾವ ಉಳಿಸಿಕೊಂಡು ಬಂದ ರೂಢಿ. ಗಾಡಿ ಹಿಂದಕ್ಕೆ ಬಂದರೆ ಕಟ್ಟಿದವನೂ ಜೊತೆಗೆ ಬರಲಿ ಎಂದು. ಹಾಗಾಗಿ ಡ್ರೈವರ್ ಮತ್ತು ಅವನ ತಮ್ಮನ ಜೊತೆ ಮಾವನೂ ನಾನೂ ವಿಶಾಖಪಟ್ಟಣಕ್ಕೆ ಹೋದೆವು. ಖಾಲಿ ಟ್ರೇಲರ್ ಹಿಂದೆ ಇದ್ದಷ್ಟು ಹೊತ್ತೂ ಗಾಡಿ ಸುಮ್ಮನೆ ನಡೆಯಿತು. ಯಾರ್ಡಿನಲ್ಲಿ ಟ್ರಾನ್ಸ್‌ಫಾರ್ಮರ್ ಏರಿಸಿ, ಸರಪಳಿ ಬಿಗಿದು, ಬೆಳಗಿನ ಹೊತ್ತು ಸಿಂಹಾಚಲಂ ಬೆಟ್ಟದ ಮಗ್ಗುಲಿನ ಏರಿನಲ್ಲಿ ಒಮ್ಮೆ ಎಳೆದು ನೋಡಿದೆವು. ದರ್ಶನಕ್ಕೆ ಹೊರಟ ಜನ ರಸ್ತೆ ಬದಿಗೆ ಸರಿದು ನಿಂತು, ಎಷ್ಟು ದೊಡ್ಡದಪ್ಪ ಎಂದು ನೋಡುತ್ತಿದ್ದರು. ಅರ್ಧ ಏರಿಗೆ ಬಂದಾಗ ಕೆಳಗಿನಿಂದ ಸದ್ದು ಶುರುವಾಯಿತು. ಸಣ್ಣಗೆ, ಎಳೆದೆಳೆದು, ಮುದಿ ನಾಯಿ ಊಳಿಟ್ಟ ಹಾಗೆ. ಆಕ್ಸಿಲರೇಟರ್ ಒತ್ತಿದಷ್ಟೂ ಹೆಚ್ಚುತ್ತಿತ್ತು.

ಯಾರ್ಡಿಗೆ ವಾಪಸು ತಂದು ನಿಲ್ಲಿಸಿದ ಕೂಡಲೇ ಇಳಿದು ಎರಡೂ ಆಕ್ಸಲ್‌ಗಳ ಹೊಟ್ಟೆ ಮುಟ್ಟಿದೆ. ಮಾವ ಕಟ್ಟಿದ ಮುಂದಿನದು ಕೈ ಇಡಲಾಗದಷ್ಟು ಬಿಸಿ. ನನ್ನದು ಅಷ್ಟಿರಲಿಲ್ಲ. ಮುಂದಿನ ಆಕ್ಸಲ್ ಯಾವಾಗಲೂ ಹೆಚ್ಚು ಕಾಯುತ್ತದೆ, ಒಳಗೆ ಗೇರುಗಳು ಹೆಚ್ಚಿರುತ್ತವೆ. ಇದು ನನಗೆ ಗೊತ್ತಿಲ್ಲದ ಮಾತಲ್ಲ, ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆ ಕ್ಷಣದಲ್ಲಿ ನನಗೆ ಬೇಕಾದದ್ದೇ ನನ್ನ ಕೈಗೆ ತಿಳಿಯಿತು.

"ಹಿಂದಿಂದು ಮೊದಲು ಬಿಚ್ಚಲೇ," ಎಂದರು ಮಾವ. "ಸದ್ದು ಹಿಂದಿಂದ ಬಂತು."

"ಮುಂದಿಂದು ಸುಡಾಕತ್ತೈತಿ ಮಾವ. ಅದನ್ನೇ ಬಿಚ್ಚೋದು."

"ಹಿಂದಿಂದು ಅಂದೆ."

ಡ್ರೈವರ್ ಇಬ್ಬರ ಮುಖವನ್ನೂ ನೋಡುತ್ತಿದ್ದ. ನಮ್ಮ ಕನ್ನಡ ಅವನಿಗೆ ಅರ್ಥವಾಗುತ್ತಿರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಿಟ್ಟು, ಆವತ್ತು ಬಗ್ಗಿ ನೋಡದೆ ಇದ್ದದ್ದಕ್ಕೆ ಸಿಟ್ಟು, ದಿಮ್ಮಿ ಹಿಡಿಯಲು ಬಂದು ಅಲ್ಲೇ ಟೈರಿನ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ ಆ ತಮ್ಮನನ್ನು ನೋಡಿದರೆ ಇನ್ನೂ ಸಿಟ್ಟು. ಕನ್ನಡ ಬಿಟ್ಟು, ಡ್ರೈವರಿಗೆ ತಿಳಿಯಲೆಂದೇ ತೆಲುಗಿನಲ್ಲಿ ಹೇಳಿದೆ:

"ಇವರಿಗೆ ಕಣ್ಣು ಕಾಣುವುದಿಲ್ಲ. ಒಂದು ವರ್ಷ ಆಯಿತು. ಹಲ್ಲು ಎಲ್ಲಿ ತಾಗುತ್ತದೆಂದು ನೋಡದೆಯೇ ಸರಿ ಅಂದಿದ್ದಾರೆ."

ಡ್ರೈವರ್ ಮಾವನ ಹತ್ತಿರ ಹೋಗಿ, ಲೋಡಿನ ಚೀಟಿಯನ್ನು ಅವರ ಮುಖದ ಮುಂದೆ ಹಿಡಿದ.

"ಗಾಡಿ ನಂಬರ್ ಓದಿ, ಮೇಸ್ತ್ರಿಗಾರು."

ಮಾವ ಚೀಟಿಗೆ ಕೈ ಚಾಚಿದರು. ಚೀಟಿ ಇದ್ದ ಜಾಗಕ್ಕಿಂತ ಒಂದು ಗೇಣು ಆಚೆಗೆ ಚಾಚಿದರು. ಡ್ರೈವರ್ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಸ್ತೆಯ ಪರವಾನಗಿ ಎರಡೇ ದಿನಕ್ಕಿತ್ತು, ಇನ್ನೊಂದು ದಿನ ಕೇಳಿಕೊಂಡು ಬರುತ್ತೇನೆಂದು ತಮ್ಮನನ್ನೂ ಕರೆದುಕೊಂಡು ಆಫೀಸಿನ ಕಡೆಗೆ ಹೊರಟುಹೋದ.

ನಾನು ಟ್ರೇಲರ್ ಬಿಡಿಸಿ, ಮೂರು ಕಾಲಿನ ಕಂಬಕ್ಕೆ ಚೈನ್ ಬ್ಲಾಕ್ ಕಟ್ಟಿ, ಯಾರ್ಡಿನ ಇಬ್ಬರು ಆಳುಗಳನ್ನು ಸೇರಿಸಿಕೊಂಡು ಮುಂದಿನ ಆಕ್ಸಲ್ ಬಿಚ್ಚಿದೆ. ಮಾವ ಮರದ ಪೆಟ್ಟಿಗೆಯೊಂದರ ಮೇಲೆ ಕೂತಿದ್ದರು. ಹೊಸ ಗೇರಿನ ಹಲ್ಲಿಗೆ ಕಪ್ಪು ಲೇಪ ಇರುತ್ತದೆ, ಓಡಿದ ಮೇಲೆ ತಾಗಿದ ಜಾಗ ಮಾತ್ರ ಬೆಳ್ಳಿಯಂತೆ ಹೊಳೆಯುತ್ತದೆ. ಎಣ್ಣೆ ಒರೆಸಿ ಟಾರ್ಚ್ ಬಿಟ್ಟೆ. ಹೊಳಪು ಹಲ್ಲಿನ ನಟ್ಟನಡುವೆ, ಒಳತುದಿಯ ಕಡೆಗೆ ಒಂದು ಕೂದಲು ವಾಲಿಕೊಂಡಿತ್ತು. ಲೋಡು ಬಿದ್ದಾಗ ಹರಡಿಕೊಳ್ಳಲು ಎಲ್ಲಿರಬೇಕೋ ಅಲ್ಲಿ. ಒಂದು ಹಲ್ಲಲ್ಲ, ನಲವತ್ತೊಂದೂ ಹಾಗೆಯೇ. ಪುಸ್ತಕದಲ್ಲಿ ಚಿತ್ರ ಬರೆದಿರುತ್ತಾರಲ್ಲ, ಅಂಥದನ್ನು ನಾನು ನನ್ನ ಕೈಯಿಂದ ಒಮ್ಮೆಯೂ ತಂದವನಲ್ಲ.

ಅಲ್ಲೇ ಎಣ್ಣೆಯ ಮೇಲೆ ಕೂತೆ.

ಆಮೇಲೆ ನನ್ನ ಆಕ್ಸಲ್ ಬಿಚ್ಚಿದೆ. ಹೊಳಪು ಹಲ್ಲಿನ ತುದಿಗೆ ಗೆರೆಯಾಗಿ ಕೂತಿತ್ತು, ಅಲ್ಲಲ್ಲಿ ತರಚಲು ಶುರುವಾಗಿತ್ತು. ನನ್ನ ಲೆಕ್ಕ ತಪ್ಪಿರಲಿಲ್ಲ. ಹಳೆಯ ಶಿಮ್ಮು ಸರಿಯಾಗಿದ್ದಿದ್ದರೆ ಮಾತ್ರ ಆ ಲೆಕ್ಕ ನಿಜವಾಗುತ್ತಿತ್ತು. ಹಿಂದೆ ಯಾರೋ ಬಿಚ್ಚಿ ಏನೋ ತುರುಕಿದ್ದರು. ಗಳು ಒತ್ತಿ ತಿರುಗಿಸಿದ್ದರೆ ವಿಜಯವಾಡದಲ್ಲೇ ಕಾಣುತ್ತಿತ್ತು.

ನಾನು ಹೇಳುವ ಮುಂಚೆ ಮಾವನೇ ಎದ್ದು, ಕೈ ಚಾಚಿ, ಎರಡು ಹೆಜ್ಜೆ ತಡವರಿಸಿ ಬಂದು, ನನ್ನ ಕ್ರೌನ್ ಚಕ್ರದ ಹಲ್ಲಿನ ಮೇಲೆ ಹೆಬ್ಬೆರಳು ಇಟ್ಟರು. ಉಗುರಿನಿಂದ ತುದಿಯ ತರಚನ್ನು ಗೀರಿದರು.

"ಹತ್ತು ತೆಗೀರಿ," ಎಂದರು.

ನೂರರಲ್ಲಿ ಹತ್ತು ಪಾಲು ಮಿಲಿಮೀಟರ್ ಶಿಮ್ಮು. ತೆಗೆದೆ. ಅವರು ಸಿಂಧೂರ ಕಲಸಿ ಬಳಿದರು, ಗಳು ಒತ್ತಿದರು, ನಾನು ತಿರುಗಿಸಿದೆ. ಆಗ ಮೊದಲ ಸಲ ಅವರ ಹೆಬ್ಬೆರಳನ್ನು ಸರಿಯಾಗಿ ನೋಡಿದೆ. ಹಲ್ಲು ತಾಗಿದ ಕಡೆ ಸಿಂಧೂರ ಹಿಂಡಿಹೋಗಿ ಲೋಹ ಬರಿದಾಗಿರುತ್ತದೆ, ತಾಗದ ಕಡೆ ಪುಡಿ ತರಿತರಿಯಾಗಿ ನಿಂತಿರುತ್ತದೆ. ಅಂಚಿನಿಂದ ಅಂಚಿಗೆ ಬೆರಳು ಆ ಗಡಿಯನ್ನು ಓದುತ್ತಿತ್ತು. ಸಿಂಧೂರ ಅವರಿಗೆ ಕಣ್ಣಿಗೆ ಕಾಣಲೆಂದು ಇದ್ದದ್ದಲ್ಲ, ಕೈಗೆ ಸಿಗಲೆಂದು ಇದ್ದದ್ದು. ಎಷ್ಟು ಕಾಲದಿಂದ ಹೀಗೆ ಓದುತ್ತಿದ್ದರೋ ನನಗೆ ತಿಳಿಯದು. "ಸರಿ ಐತ್ರಿ" ಎಂದರು. ಟಾರ್ಚ್ ಬಿಟ್ಟು ನೋಡಿದೆ, ಅವರು ಬೇಡ ಎನ್ನಲಿಲ್ಲ. ಸರಿಯಾಗಿಯೇ ಇತ್ತು.

ಎರಡನ್ನೂ ಮುಚ್ಚಿ ಎಣ್ಣೆ ತುಂಬಿಸಿದ ಮೇಲೆ ಸಿಂಧೂರದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಬೊಟ್ಟು ನಾನೇ ಇಟ್ಟೆ. ಕೈ ತೊಳೆಯುವಾಗ ಹೊಳೆಯಿತು: ಗೇರ್ ಕೆಲಸದ ನಡುವೆ ಅವರು ನನಗೆ "ತೆಗೀಲೇ" ಎನ್ನದೆ "ತೆಗೀರಿ" ಎಂದಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ.

ಸಂಜೆಯ ಹೊತ್ತಿಗೆ ಡ್ರೈವರ್ ಬಂದ. ಒಂದು ದಿನ ಹೆಚ್ಚಿಗೆ ಸಿಕ್ಕಿತ್ತು. ಎರಡೂ ಆಕ್ಸಲ್‌ಗಳ ಮೇಲೆ ಹೊಸ ಬೊಟ್ಟು ನೋಡಿ, ನನ್ನನ್ನು ಪಕ್ಕಕ್ಕೆ ಕರೆದ.

"ಪೆದ್ದಾಯನದೇ ತಪ್ಪು ಅಲ್ಲವಾ?" ಎಂದ. ಪೆದ್ದಾಯನ ಅಂದರೆ ದೊಡ್ಡವರು.

ಮಾವ ಹತ್ತು ಅಡಿ ದೂರದಲ್ಲಿ ಕೂತಿದ್ದರು. ಅವರ ಕಿವಿ ಎಂಥದೆಂದು ನನಗೆ ಗೊತ್ತಿತ್ತು.

"ಎರಡೂ ಬಿಚ್ಚಿ ನೋಡಿ ಸರಿ ಮಾಡಿದ್ದೇವೆ," ಎಂದೆ.

ಸುಳ್ಳು ಒಂದು ಅಕ್ಷರವೂ ಇರಲಿಲ್ಲ. ಅವನು ನನ್ನ ಭುಜ ತಟ್ಟಿದ. ಮಾವನ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಬೆಳಕು ಹರಿದ ಮೇಲೆ ಘಾಟಿಯ ಬುಡ ಸೇರಿದೆವು. ಮಾವ ರೂಢಿಯಂತೆ ಕ್ಯಾಬಿನ್ನಿನಿಂದ ಇಳಿಯದೆ ಕೂತೇ ಇದ್ದರು. ಡ್ರೈವರ್ ಬಾಗಿಲು ತೆಗೆದು, ತುಂಬ ಮರ್ಯಾದೆಯಿಂದಲೇ, "ನೀವು ಇಲ್ಲಿ ಟೀ ಅಂಗಡಿಯಲ್ಲಿ ಕೂತಿರಿ ಮೇಸ್ತ್ರಿಗಾರು, ಅಳಿಯಗಾರು ಬರುತ್ತಾರೆ" ಎಂದು ಕೈ ಹಿಡಿದು ಇಳಿಸಿದ. ಅವರ ಜಾಗದಲ್ಲಿ ನಾನು ಕೂತೆ. ಸೀಟು ಇನ್ನೂ ಬೆಚ್ಚಗಿತ್ತು.

ಘಾಟಿ ಹತ್ತಿದ್ದನ್ನು ಬಣ್ಣಿಸುವುದಕ್ಕೆ ಏನೂ ಇಲ್ಲ. ನಡೆಯುವವನ ವೇಗಕ್ಕಿಂತ ನಿಧಾನ. ಹಿಂದಿನಿಂದ ತಮ್ಮನ ಕೂಗು, "ಹೋಗಲಿ, ಹೋಗಲಿ." ಹಿಂದಿನ ವರ್ಷ ಜಾರಿದ್ದ ತಿರುವು ಬಂದಾಗ ಡ್ರೈವರ್ ಮೊದಲನೇ ಗೇರಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದ. ಇಂಜಿನ್ ಭಾರಕ್ಕೆ ಬಗ್ಗಿತು, ಸೋಲಲಿಲ್ಲ. ಆ ಒಂದು ಹಲ್ಲು ಕಡಿಮೆಯಿದ್ದದ್ದು ಅಲ್ಲಿ ಕೆಲಸಕ್ಕೆ ಬಂತು. ಗಾಡಿ ತಿರುಗಿ ಮೇಲೆ ಹೋಯಿತು. ಕೆಳಗಿನಿಂದ ಒಂದು ಸದ್ದಿಲ್ಲ. ಡ್ರೈವರ್ ಅಳುತ್ತಿದ್ದ. "ನಿಮ್ಮಿಂದ ನನ್ನ ತಮ್ಮ ಉಳಿದ ಬಾಬು," ಎಂದ. ಇಲ್ಲ, ನನ್ನ ಆಕ್ಸಲ್ ನಿನ್ನ ತಮ್ಮನನ್ನು ಕೊಲ್ಲುತ್ತಿತ್ತು, ಉಳಿಸಿದ್ದು ನೀನು ಇಳಿಸಿ ಬಂದ ಮುದುಕ, ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಕಿಟಕಿಯಾಚೆ ನೋಡಿದೆ.

ಕೆಳಗೆ ಬಂದಾಗ ಮಾವ ಟೀ ಅಂಗಡಿಯ ಬೆಂಚಿನ ಮೇಲೆ ಹಾಗೆಯೇ ಕೂತಿದ್ದರು.

"ತಿರುವಿನ್ಯಾಗ ಹಿಡೀತೇನ್ರಿ?"

"ಹಿಡೀತು ಮಾವ."

"ಸದ್ದು?"

"ಇಲ್ಲ."

"ಒಳ್ಳೇದಾತು ಬಿಡ್ರಿ. ಹುಡುಗ ಬಚಾವಾದ," ಎಂದರು.

ನಾವು ವಿಜಯವಾಡಕ್ಕೆ ಬರುವ ಮುಂಚೆಯೇ ಸುದ್ದಿ ಬಂದಿತ್ತು. ದೊಡ್ಡ ಮೇಸ್ತ್ರಿ ಕುರುಡುಗಣ್ಣಿನಲ್ಲಿ ಕಟ್ಟಿದ ಆಕ್ಸಲ್, ಅಳಿಯ ಹಿಡಿದ ತಪ್ಪು, ಉಳಿದ ಜೀವ. ಡ್ರೈವರ್ ಕೃತಜ್ಞತೆಯಿಂದಲೇ ಫೋನಿನಲ್ಲಿ ಎಲ್ಲರಿಗೂ ಹೇಳಿದ್ದ. ಷೆಡ್ಡಿಗೆ ಬಂದವರೆಲ್ಲ ನನ್ನನ್ನು ಬದಿಗೆ ಕರೆದು ಒಂದೇ ಮಾತು ಕೇಳತೊಡಗಿದರು: "ಅವರು ಮುಟ್ಟುವುದಿಲ್ಲ ತಾನೆ?" ಮೊದಮೊದಲು ಇಲ್ಲವೆಂದು ತಲೆ ಆಡಿಸುತ್ತಿದ್ದೆ. ಆಮೇಲೆ ಮಾವನೇ ಬರುವುದನ್ನು ಬಿಟ್ಟರು. ಸ್ಪಾನರುಗಳು ಈಗ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಕೆಲಸ ಮೊದಲಿಗಿಂತ ಜಾಸ್ತಿ ಬರುತ್ತಿದೆ.

"ಅಪ್ಪಾಜಿದೇ ತಪ್ಪಂತಲ್ರಿ, ಹೌದಾ?" ಎಂದು ಹೆಂಡತಿ ಒಂದು ಸಲ ಕೇಳಿದಳು. "ಕಣ್ಣಿಲ್ಲದೋರ್ನ ಕೆಲಸಕ್ಕ ಬಿಟ್ಟಿದ್ದು ನಮ್ಮ ತಪ್ಪು," ಎಂದೆ. ಇದೂ ಸುಳ್ಳಲ್ಲ. ಈ ವಿದ್ಯೆ ನನಗೆ ಎಷ್ಟು ಬೇಗ ಹತ್ತಿತು ಎಂದು ನನಗೇ ಹೇಸಿಗೆಯಾಯಿತು.

ಹೋದ ತಿಂಗಳು ಒಂದು ಭಾನುವಾರ, ಷೆಡ್ಡಿನಿಂದ ಹಳೆಯ ಪಿನಿಯನ್ ಒಂದನ್ನು ತೊಳೆದು, ಹಲ್ಲುಗಳಿಗೆ ಸಿಂಧೂರ ಹಚ್ಚಿ, ಪೇಪರಿನಲ್ಲಿ ಸುತ್ತಿಕೊಂಡು ಪಟಮಟದ ಮನೆಗೆ ತಂದೆ. ಮಾವ ವರಾಂಡದಲ್ಲಿ ಸಿಟಿ ಬಸ್ಸುಗಳ ಸದ್ದು ಕೇಳುತ್ತ ಕೂತಿದ್ದರು. ಅವರ ಕೈಗೆ ಕೊಟ್ಟೆ. ನಾನು ಕಣ್ಣು ಮುಚ್ಚಿಕೊಂಡು ಎಷ್ಟೋ ಸಲ ಬೆರಳು ಆಡಿಸಿ ನೋಡಿದ್ದೆ, ಎಣ್ಣೆ ಬಿಟ್ಟು ಬೇರೇನೂ ತಿಳಿದಿರಲಿಲ್ಲ.

"ಮಾವ, ಬೆರಳಿಂದ ಹೆಂಗ ನೋಡ್ತಿದ್ರಿ, ನನಗೊಂದಿಷ್ಟು ಹೇಳಿಕೊಡ್ರಿ."

ಅವರ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಹಲ್ಲಿನ ಅಂಚಿಗೆ ಹೋಯಿತು. ಒಂದು ಹಲ್ಲು, ಎರಡು ಹಲ್ಲು. ಮೂರನೆಯದಕ್ಕೆ ನಿಂತಿತು. ಪಿನಿಯನ್ನನ್ನು ಪೇಪರಿನಲ್ಲಿ ಮತ್ತೆ ಸುತ್ತಿ, ನಾನು ಎಲ್ಲಿ ಕೂತಿದ್ದೇನೆಂದು ಕಿವಿಯಿಂದ ಅಂದಾಜು ಮಾಡಿ, ಸರಿಯಾಗಿ ನನ್ನ ಕೈಗೇ ಇಟ್ಟರು.

"ಇದೆಲ್ಲ ನಿಮಗ್ಯಾಕ್ರಿ?" ಎಂದರು. "ನಿಮಗ ಕಣ್ಣು ಅದಾವಲ್ಲ."